ಪಂಜಿಕಲ್ಲಿನಿಂದ ಪುಲಿಪರಂಬದವರೆಗೆ: ಕಾಸರಗೋಡಿನ ಒಳನಾಡು ಮತ್ತು ಕಾಡುಪ್ರಾಣಿಗಳು

ಮುಳ್ಳೇರಿಯ, ಆದೂರು, ಬೋವಿಕ್ಕಾನ, ದೇಲಂಪಾಡಿ ಕಡೆ ಈಗ ಯಾರನ್ನು ಮಾತನಾಡಿಸಿದರೂ ಒಂದು ಮಾತು ಬಂದೇ ಬರುತ್ತದೆ: "ಹಿಂದೆ ಇದೆಲ್ಲ ಇರಲಿಲ್ಲ." ಇದೆಲ್ಲ ಅಂದರೆ ಬಾಳೆತೋಟಕ್ಕೆ ನುಗ್ಗುವ ಆನೆ, ಅಡಿಕೆ ಬುಡ ಕೆದಕುವ ಹಂದಿ, ನಾಯಿಯನ್ನು ಅಂಗಳದಿಂದಲೇ ಹೊತ್ತೊಯ್ಯುವ ಚಿರತೆ, ಗದ್ದೆಗೆ ಇಳಿಯುವ ನವಿಲು. ಸಂಜೆ ಮದ್ರಸದಿಂದ ಮಕ್ಕಳನ್ನು ಕರೆದುಕೊಂಡು ಬರಲು ದೊಡ್ಡವರು ಟಾರ್ಚ್ ಹಿಡಿದು ಹೋಗುವ ಕಾಲ ಬಂದಿದೆ. ಬೆಳಗ್ಗಿನ ಸುಬಹಿಗೆ ಮಸೀದಿಗೆ ಹೋಗುವವರು ಒಬ್ಬೊಬ್ಬರೇ ಹೋಗದೆ ಜೊತೆಗೂಡಿ ಹೋಗುತ್ತಾರೆ.

ಭಯ ನಿಜ. ಆದರೆ "ಹಿಂದೆ ಇರಲಿಲ್ಲ" ಎಂಬುದು ನಿಜವೇ? ನಮ್ಮ ಸಮುದಾಯದ ಚರಿತ್ರೆ ಬರೆದವರು ಹೆಚ್ಚಾಗಿ ಬಂದರು, ಹಾಯಿಹಡಗು, ಅರಬ್ ವ್ಯಾಪಾರಿಗಳು, ಮಂಗಳೂರಿನ ಬಂದರ್ ಇಷ್ಟನ್ನೇ ಬರೆದಿದ್ದಾರೆ. ಬ್ಯಾರಿ ಎಂಬ ಹೆಸರನ್ನೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಿಡಿಸುತ್ತಾರೆ. ಒಳನಾಡಿನಲ್ಲಿ ಗೇಣಿಗೆ ಗದ್ದೆ ಮಾಡಿದ, ಕಾಡಿನ ಅಂಚಿನಲ್ಲಿ ತೋಟ ಎಬ್ಬಿಸಿದ, ಒಣಮೀನು ತಲೆಹೊರೆ ಹೊತ್ತು ಸುಳ್ಯದ ಕಡೆಗೆ ನಡೆದ ನಮ್ಮವರ ಕಥೆ ಅದರಲ್ಲಿ ಇಲ್ಲ. ಆ ಕಥೆ ಬರೆದರೆ ಕಾಡುಪ್ರಾಣಿಗಳು ಪ್ರತಿ ಪುಟದಲ್ಲೂ ಬರುತ್ತವೆ.

ಊರಿನ ಹೆಸರುಗಳು ಹೇಳುವುದು

ಮೊದಲು ಊರ ಹೆಸರುಗಳನ್ನೇ ನೋಡೋಣ. ದೇಲಂಪಾಡಿ ಪಂಚಾಯತಿನಲ್ಲಿ ಪಂಜಿಕಲ್ಲು ಇದೆ. ತುಳುವಿನಲ್ಲಿ ಪಂಜಿ ಅಂದರೆ ಹಂದಿ. ವರ್ಕಾಡಿ ಕಡೆ, ಕರ್ನಾಟಕದ ಗಡಿಗೆ ತಾಗಿ, ಆನೆಕಲ್ಲು ಇದೆ. ಕಾಸರಗೋಡು ಪೇಟೆಯ ಒಳಗೇ ಪುಲಿಕುನ್ನು ಇದೆ. ಮಂಗಳೂರಿನ ಪಿಲಿಕುಳ ಎಲ್ಲರಿಗೂ ಗೊತ್ತು. ಪಿಲಿ ಅಂದರೆ ಹುಲಿ, ಕುಳ ಅಂದರೆ ಕೊಳ. ಈಗ ಅಲ್ಲಿ ಹುಲಿ ಇರುವುದು ಮೃಗಾಲಯದ ಬೇಲಿಯೊಳಗೆ, ಹೆಸರು ಇಟ್ಟವರು ನೋಡಿದ್ದು ಬೇಲಿ ಇಲ್ಲದ ಹುಲಿಯನ್ನು.

ಊರ ಹೆಸರಿನಿಂದ ಚರಿತ್ರೆ ಹೇಳುವಾಗ ಜಾಗ್ರತೆ ಬೇಕು. ಮಲಯಾಳದಲ್ಲಿ 'ಪುಲಿ' ಬೇರೆ, 'ಪುಳಿ' ಬೇರೆ. ಪುಳಿ ಅಂದರೆ ಹುಣಸೆ. ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ ಆಗುತ್ತದೆ, ಹುಣಸೆ ಮರದ ಊರೆಲ್ಲ ಹುಲಿಯ ಊರಾಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ ಆ ಗೊಂದಲ ಇಲ್ಲ. ಗಡಿನಾಡಿನ ಹೆಸರುಗಳನ್ನು ಕನ್ನಡದಲ್ಲೂ ಬರೆಯಿರಿ ಎಂದು ಕೇಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಈಗಿನ ಮಲಯಾಳದಲ್ಲಿ ಪುಲಿ ಅಂದರೆ ಚಿರತೆ. ಹುಲಿಗೆ 'ಕಡುವ' ಅನ್ನುತ್ತಾರೆ. ಕನ್ನಡದವರಿಗೆ ಪುಲಿ ಅಂದ ಕೂಡಲೇ ನೆನಪಾಗುವುದು ಹುಲಿ. ಮಲಯಾಳ ವಾರ್ತೆಯಲ್ಲಿ "ಪುಲಿ ಇಳಿದಿದೆ" ಎಂದು ಬಂದದ್ದು ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಬರುವಾಗ "ಹುಲಿ ಬಂದಿದೆ" ಎಂದಾಗಿರುತ್ತದೆ. 2025ರ ಫೆಬ್ರವರಿಯಲ್ಲಿ ಬೇಡಡ್ಕ ಪಂಚಾಯತಿನ ಕೊಳತ್ತೂರಿನಲ್ಲಿ ಬೋನಿಗೆ ಬಿದ್ದದ್ದು ಚಿರತೆ. ಅದು ಪೆರ್ಲದ ಕಡೆಗೆ ತಲುಪುವಾಗ ಪಟ್ಟೆಹುಲಿಯಾಗಿತ್ತು.

ದೈವ, ಮೊಸಳೆ, ಆಮೆ

ಎರಡನೆಯ ಸಾಕ್ಷಿ ನೆರೆಹೊರೆಯವರ ನಂಬಿಕೆಗಳು. ತುಳುನಾಡಿನಲ್ಲಿ ಹೆಚ್ಚು ಆರಾಧನೆ ಪಡೆಯುವ ದೈವಗಳಲ್ಲಿ ಪಂಜುರ್ಲಿ ಒಂದು. ಅದು ಹಂದಿಯ ರೂಪದ ದೈವ. ಪಿಲಿಚಾಮುಂಡಿ ಹುಲಿಯೊಂದಿಗೆ ಸೇರಿದ ದೈವ. ಬೆಳೆ ತಿನ್ನುವ ಪ್ರಾಣಿಯನ್ನೂ ಜಾನುವಾರು ಹಿಡಿಯುವ ಪ್ರಾಣಿಯನ್ನೂ ದೈವವಾಗಿ ಕಂಡವರು ಅವುಗಳ ಜೊತೆ ತಲೆಮಾರುಗಟ್ಟಲೆ ಬದುಕಿದವರೇ ಇರಬೇಕು. ನಮ್ಮ ನಂಬಿಕೆ ಬೇರೆ. ಆದರೆ ಒಂದೇ ಗುಡ್ಡದ ಎರಡು ಮಗ್ಗುಲಲ್ಲಿ ಬದುಕಿದವರು ನಾವು, ಒಂದೇ ಹಂದಿ ಇಬ್ಬರ ಮರಗೆಣಸನ್ನೂ ತಿಂದಿದೆ.

ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾಳನ್ನು ನೋಡದ ಕಾಸರಗೋಡಿನವರು ಕಡಿಮೆ. ಹಿಂದಿನ ಮೊಸಳೆಯನ್ನು 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಗುಂಡು ಹೊಡೆದು ಕೊಂದ, ಕೆಲವೇ ದಿನಗಳಲ್ಲಿ ಇನ್ನೊಂದು ಕಾಣಿಸಿಕೊಂಡಿತು ಎಂದು ಅಲ್ಲಿನವರು ಹೇಳುತ್ತಾರೆ. ಬಬಿಯಾ ಸತ್ತದ್ದು 2022ರ ಅಕ್ಟೋಬರ್ 9ರಂದು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿತು. ಬಬಿಯಾ ಸತ್ತ ದಿನ ನೋಡಲು ಹೋದವರಲ್ಲಿ ಎಲ್ಲ ಜಾತಿ ಮತದವರೂ ಇದ್ದರು.

2023ರಲ್ಲಿ ಕಾಸರಗೋಡು ತನ್ನದೇ ಆದ ಜಿಲ್ಲಾ ಮರ, ಹೂ, ಹಕ್ಕಿ, ಪ್ರಾಣಿ ಘೋಷಿಸಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ಜಿಲ್ಲೆ. ಮರ ಕಾಸರಕ. ಊರಿಗೆ ಹೆಸರು ಬಂದದ್ದೇ ಅದರಿಂದ ಎಂದು ಹೇಳುವವರಿದ್ದಾರೆ. ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು. ಪ್ರಾಣಿ ಮಾತ್ರ ಆನೆಯೂ ಅಲ್ಲ, ಚಿರತೆಯೂ ಅಲ್ಲ. ಪಯಸ್ವಿನಿ-ಚಂದ್ರಗಿರಿ ಹೊಳೆಯ ಮರಳಿನಲ್ಲಿ ಹೂತುಕೊಂಡು ಬದುಕುವ ದೊಡ್ಡ ಮೆದುಚಿಪ್ಪಿನ ಆಮೆ, ಮಲಯಾಳದಲ್ಲಿ ಪಾಲಪೂವನ್. ಪ್ರಪಂಚದಲ್ಲೇ ಅಪರೂಪವಾದ ಆ ಆಮೆ ಇಲ್ಲಿ ಮೊಟ್ಟೆ ಇಡುತ್ತದೆ ಎಂಬುದು ಸಂಶೋಧಕರಿಗೆ ಗೊತ್ತಾದದ್ದು ಹೊಳೆಬದಿಯವರ ಮಾತಿನಿಂದ. ಮೀನು ಹಿಡಿಯುವವರಿಗೆ, ಹೊಯಿಗೆ ತೆಗೆಯುವವರಿಗೆ ಅದು ಹೊಸ ಪ್ರಾಣಿ ಆಗಿರಲಿಲ್ಲ. ಹಳಬರ ನೆನಪು ವಿಜ್ಞಾನಕ್ಕೂ ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಸರಕಾರ ಕೊಂದದ್ದು, ಸರಕಾರ ಕಾಪಾಡಿದ್ದು

1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಬಿದ್ದ ಮೇಲೆ ಕೆನರಾ ಕಂಪೆನಿಯ ಕೈಗೆ ಹೋಯಿತು. ಮದ್ರಾಸಿನಿಂದ ಬಂದ ಆಡಳಿತಕ್ಕೆ ಕಾಡು ಎಂದರೆ ಮರ, ಮರ ಎಂದರೆ ಆದಾಯ. ಆಗ ಗುಡ್ಡದವರು ಕುಮೇರಿ ಮಾಡುತ್ತಿದ್ದರು. ಕಾಡಿನ ಒಂದು ತುಂಡು ಕಡಿದು, ಸುಟ್ಟು, ಒಂದೆರಡು ವರ್ಷ ರಾಗಿ, ಭತ್ತ, ತೊಗರಿ ಬಿತ್ತಿ, ಮತ್ತೆ ಆ ಜಾಗವನ್ನು ಹಲವು ವರ್ಷ ಕಾಡಿಗೆ ಬಿಡುವ ಬೇಸಾಯ. 19ನೇ ಶತಮಾನದ ನಡುವಿನಿಂದ ಸರಕಾರ ಅದನ್ನು ಕಟ್ಟುನಿಟ್ಟು ಮಾಡುತ್ತಾ ಬಂತು. 1882ರ ಮದ್ರಾಸ್ ಅರಣ್ಯ ಕಾಯ್ದೆಯ ಮೇಲೆ ರಿಸರ್ವ್ ಫಾರೆಸ್ಟ್ ಎಂಬ ಗೆರೆ ಬಂತು. ಗೆರೆಯ ಆಚೆ ಸರಕಾರದ್ದು, ಈಚೆ ವರ್ಗದಾರರದ್ದು, ನಡುವೆ ಸೊಪ್ಪು, ಸೌದೆ, ಮೇವಿಗೆ ಕುಮ್ಕಿ.

ಪ್ರಾಣಿಗಳ ವಿಷಯದಲ್ಲಿ ಆ ಸರಕಾರದ್ದು ಎರಡು ನಾಲಗೆ. 1873ರಲ್ಲಿ ಮದ್ರಾಸ್ ಸರಕಾರ ಕಾಡಾನೆಗಳನ್ನು ಕಾಪಾಡುವ ಕಾಯ್ದೆ ತಂದಿತು. ದಯೆ ಅದಕ್ಕೆ ಕಾರಣ ಆಗಿರಲಿಲ್ಲ, ಮರ ಎಳೆಯಲು, ಸೈನ್ಯದ ಸಾಮಾನು ಸಾಗಿಸಲು ಆನೆ ಬೇಕಿತ್ತು. ಅದೇ ಸರಕಾರ ಹುಲಿ, ಚಿರತೆ ಕೊಂದು ತಂದವರಿಗೆ ಇನಾಮು ಕೊಡುತ್ತಿತ್ತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು, 1,50,000ಕ್ಕೂ ಹೆಚ್ಚು ಚಿರತೆಗಳು ಸತ್ತವು ಎಂದು ಚರಿತ್ರೆಕಾರ ಮಹೇಶ್ ರಂಗರಾಜನ್ ಲೆಕ್ಕ ಕೊಟ್ಟಿದ್ದಾರೆ. ಹಂದಿಯ ಶತ್ರುವನ್ನು ದುಡ್ಡು ಕೊಟ್ಟು ಕೊಲ್ಲಿಸಿದ ಮೇಲೆ ಹಂದಿ ಹೆಚ್ಚಾಯಿತು ಎಂದು ದೂರುವುದರಲ್ಲಿ ಅರ್ಥ ಇಲ್ಲ.

ಗೇಣಿಯವನ ಗದ್ದೆ, ಒಕ್ಕಲಿನವನ ಕಾವಲು

ನಮ್ಮ ಒಳನಾಡಿನ ಬ್ಯಾರಿಗಳಲ್ಲಿ ತುಂಬಾ ಮಂದಿ ಚಾಲಗೇಣಿ ಒಕ್ಕಲುಗಳು. ಧನಿಗಳಿಗೆ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಮಾತು. ಬೆಳೆಯನ್ನು ಹಂದಿ ತಿಂದರೂ ಮಾತು ಮಾತೇ. ಹಾಗಾಗಿ ಭತ್ತ ಹಾಲು ಕಟ್ಟುವಾಗಿನಿಂದ ಕೊಯ್ಲಿನವರೆಗೆ ಗದ್ದೆಯಲ್ಲೇ ರಾತ್ರಿ. ಗದ್ದೆಯ ನಡುವೆ ನಾಲ್ಕು ಕಂಬ ಹುಗಿದು, ಮೇಲೆ ಅಡಿಕೆ ಸಲಿಕೆ ಹಾಸಿ, ಮುಳಿ ಹೊದೆಸಿದ ಅಟ್ಟಳಿಗೆ. ಕೆಳಗೆ ಬೆಂಕಿ, ಕೈಯಲ್ಲಿ ತಗಡಿನ ಡಬ್ಬ. ಒಬ್ಬ ಡಬ್ಬ ಬಡಿದರೆ ಆಚೆ ಬಯಲಿನವನು ಕೂಗು ಹಾಕುತ್ತಿದ್ದ, ಅದರಾಚೆಯವನಿಗೆ ಹಂದಿ ಯಾವ ಕಡೆ ತಿರುಗಿದೆ ಎಂದು ಗೊತ್ತಾಗುತ್ತಿತ್ತು. ಬಯಲಿಗೆ ಬಯಲೇ ಎಚ್ಚರ ಇರುತ್ತಿತ್ತು. ಅಟ್ಟಳಿಗೆಯಲ್ಲಿ ಇದ್ದವನು ಬ್ಯಾರಿಯೋ, ಬಿಲ್ಲವನೋ, ಮರಾಟಿಯೋ ಎಂದು ಹಂದಿ ಕೇಳುತ್ತಿರಲಿಲ್ಲ.

ಹಂದಿ ಹೊಡೆಯುವ ವಿಷಯದಲ್ಲಿ ಊರಿನಲ್ಲಿ ಒಂದು ಹೇಳದ ಒಪ್ಪಂದ ಇತ್ತು. ನಮಗೆ ಅದರ ಮಾಂಸ ಹರಾಮು, ಮನೆಯಲ್ಲಿ ಅದರ ಹೆಸರು ಎತ್ತಲೂ ಹಿರಿಯರು ಹಿಂಜರಿಯುತ್ತಿದ್ದರು. 'ಅದು' ಬಂದಿತ್ತು ಎಂದರೆ ಸಾಕು. ಕೋವಿ ಇದ್ದ ನೆರೆಯವರಿಗೆ ಹೇಳಿ ಕಳಿಸುವುದು ನಮ್ಮವರ ಕೆಲಸ, ಕಾದು ಕೂತು ಹೊಡೆಯುವುದು ಅವರ ಕೆಲಸ, ಹೊತ್ತುಕೊಂಡು ಹೋಗಿ ಪಾಲು ಮಾಡುವುದೂ ಅವರದ್ದೇ. ಕಾಯಲು ಬಂದವರಿಗೆ ಚಾ ಮತ್ತು ಬೀಡಿಯ ಖರ್ಚು ತೋಟದವನದ್ದು. ಯಾರ ಧರ್ಮಕ್ಕೂ ತೊಂದರೆ ಇಲ್ಲ, ಬೆಳೆಯೂ ಉಳಿಯಿತು. ಇದನ್ನು ಸೌಹಾರ್ದ ಎಂದು ಯಾರೂ ಭಾಷಣ ಮಾಡಿರಲಿಲ್ಲ. ಅದೊಂದು ಅನುಕೂಲವಾಗಿತ್ತು, ಅಷ್ಟೇ. ಇಂಥ ಅನುಕೂಲಗಳೇ ಊರನ್ನು ಹಿಡಿದಿಟ್ಟಿದ್ದವು.

ನಡೆದು ವ್ಯಾಪಾರ ಮಾಡುವವರಿಗೆ ಬೇರೆ ಎಚ್ಚರ. ಒಣಮೀನು, ಉಪ್ಪು ಹೊತ್ತು ಘಟ್ಟದ ಬುಡದ ಕಡೆಗೆ ಹೋಗಿ, ಅಡಿಕೆ, ಕರಿಮೆಣಸು, ಸೀಗೆಕಾಯಿ ತರುವವರು ಕತ್ತಲಾದರೆ ಸೂಟೆ ಹಿಡಿದು ಗುಂಪಾಗಿ ನಡೆಯುತ್ತಿದ್ದರು. ಮುಂದಿನವನ ಕೈಯಲ್ಲಿ ಒಂದು, ಹಿಂದಿನವನ ಕೈಯಲ್ಲಿ ಒಂದು. ನಡುವೆ ಇದ್ದವರು ದಿಕ್ರ್ ಹೇಳುತ್ತಾ ನಡೆಯುವುದು. ಭಯವೂ ಹೋಗುತ್ತದೆ, ಮನುಷ್ಯರ ಸದ್ದು ಕೇಳಿ ಪ್ರಾಣಿಯೂ ದಾರಿ ಬಿಡುತ್ತದೆ.

ಬದಲಾದದ್ದು ಏನು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಜಾರಿಗೆ ಬಂದು ಗೇಣಿಯವರು ಭೂಮಿಯ ಒಡೆಯರಾದರು. ನಮ್ಮ ಎಷ್ಟೋ ಮನೆಗಳು ತಲೆ ಎತ್ತಿದ್ದೇ ಆಗ. ಆದರೆ ಸಣ್ಣ ಸಣ್ಣ ಪಾಲುಗಳಾದ ಮೇಲೆ, ಕೂಲಿ ಏರಿದ ಮೇಲೆ, ಗಂಡಸರು ಗಲ್ಫಿಗೆ ಹೋದ ಮೇಲೆ, ಭತ್ತದ ಬಯಲುಗಳು ಅಡಿಕೆ ತೋಟವಾದವು, ಅಥವಾ ಹಡಿಲು ಬಿದ್ದವು. ಹಡಿಲು ಗದ್ದೆಯಲ್ಲಿ ಆಳೆತ್ತರ ಬೆಳೆದ ಹುಲ್ಲು, ಪೊದೆ ಹಂದಿಗೆ ಹಗಲು ಮಲಗುವ ಜಾಗ. ರಾತ್ರಿ ಊಟಕ್ಕೆ ಪಕ್ಕದ ತೋಟ. ಹಂದಿ ಕಾಡಿನಿಂದ ಬರುತ್ತದೆ ಎನ್ನುತ್ತೇವೆ, ಅರ್ಧ ಹಂದಿಗಳಿಗೆ ಕಾಡೇ ಗೊತ್ತಿರಲಿಕ್ಕಿಲ್ಲ.

ಅತ್ತ ಗುಡ್ಡಗಳಲ್ಲಿ ಸರಕಾರಿ ಗೇರು ತೋಟಗಳು ಬಂದವು. 1970ರ ದಶಕದ ಕೊನೆಯಿಂದ 2000ದವರೆಗೆ ಅವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮನುಷ್ಯರಿಗೆ ಏನಾಯಿತು ಎಂಬುದು ಜಗತ್ತಿಗೇ ಗೊತ್ತು. ಅದರ ಮೊದಲ ಎಚ್ಚರಿಕೆ ಬಂದದ್ದು ಪ್ರಾಣಿಗಳಿಂದ. ವಾಣಿನಗರದ ಪತ್ರಕರ್ತ ಶ್ರೀ ಪಡ್ರೆ ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬರೆದರು. ಜೇನು ಹೋಯಿತು, ತೋಡಿನ ಮೀನು ಹೋಯಿತು, ನರಿಯ ಕೂಗು ನಿಂತಿತು ಎಂದು ಆ ಕಡೆಯವರು ಈಗಲೂ ಹೇಳುತ್ತಾರೆ. "ಹಿಂದೆ ಇದೆಲ್ಲ ಇರಲಿಲ್ಲ" ಎನ್ನುವ ನನ್ನ ವಯಸ್ಸಿನವರು ನೆನಪು ಮಾಡುತ್ತಿರುವುದು ಈ ಮೌನದ ಕಾಲವನ್ನು. ನಾವು ಹುಟ್ಟಿ ಬೆಳೆದ ಆ ಇಪ್ಪತ್ತು ವರ್ಷ ಸಹಜ ಕಾಲ ಆಗಿರಲಿಲ್ಲ. ಅದನ್ನೇ ಅಳತೆಗೋಲು ಮಾಡಿದರೆ ಎಲ್ಲ ಪ್ರಾಣಿಯೂ ಹೊಸತಾಗಿ ಕಾಣುತ್ತದೆ.

ಆನೆಯ ಕಥೆ ಸ್ವಲ್ಪ ಬೇರೆ. ಕೊಡಗಿನ ತಲಕಾವೇರಿ ಕಡೆಯ ಕಾಡು, ಸುಳ್ಯದ ಕಾಡು, ಇತ್ತ ಆದೂರು, ಕಾರಡ್ಕ, ಮುಳಿಯಾರಿನ ಕಾಡು, ಇವು ನಕ್ಷೆಯಲ್ಲಿ ಎರಡು ರಾಜ್ಯ, ಆನೆಗೆ ಒಂದೇ ದಾರಿ. ಪಯಸ್ವಿನಿ ಹೊಳೆ ಘಟ್ಟದಿಂದ ಇಳಿದು ಬಂದ ದಿಕ್ಕಿನಲ್ಲೇ ಅವೂ ಬರುತ್ತವೆ. ಹಿಂದೆ ಹಲಸು ಹಣ್ಣಾಗುವಾಗ ಬಂದು ಹೋಗುತ್ತಿದ್ದವು, ಈಗ ಹೋಗುವುದನ್ನೇ ಬಿಟ್ಟಿವೆ ಎಂಬುದು ಹೊಳೆಬದಿಯವರ ಮಾತು. ನೀರು, ಬಾಳೆ, ತೆಂಗು, ಈಂದು ಎಲ್ಲ ಒಂದೇ ಕಡೆ ಸಿಕ್ಕಿದರೆ ಹಿಂದೆ ಹೋಗಬೇಕಾದ ಅಗತ್ಯ ಏನು?

ಕೋವಿ, ಗರ್ನಾಲು, ತಂತಿ

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಕೋವಿ ಪರವಾನಗಿಯ ಮಾತು ಸ್ಪಷ್ಟವಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಂದಿಯನ್ನು ಅನುಮತಿ ಇಲ್ಲದೆ ಹೊಡೆಯುವುದು ಅಪರಾಧ ಆಯಿತು. ಕೋವಿ ಇತ್ತು, ಹೊಡೆಯುವ ಹಾಗಿರಲಿಲ್ಲ. ಹಳಬರು ಸತ್ತಾಗ ಮಕ್ಕಳು ಪರವಾನಗಿ ನವೀಕರಿಸುವ ಗೋಜಿಗೆ ಹೋಗಲಿಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತೊಯ್ದು ಠೇವಣಿ ಇಡುವ ತಲೆನೋವು ಬೇರೆ. ಊರಿನ ಆ ಹಳೆಯ ಒಪ್ಪಂದ ಹೀಗೆ ಸದ್ದಿಲ್ಲದೆ ಮುಗಿಯಿತು.

ಬದಲಿಗೆ ಬಂದದ್ದು ಗರ್ನಾಲು. ನಮ್ಮ ಉಪ್ಪನ ಅಂಗಡಿಯಲ್ಲಿ ಹಬ್ಬ, ಉತ್ಸವ ಏನೂ ಇಲ್ಲದ ಆಟಿ ತಿಂಗಳಲ್ಲೂ ಗರ್ನಾಲು ಕೇಳಿಕೊಂಡು ಬರುವವರಿದ್ದರು. ಉಪ್ಪು, ಮೆಣಸು, ಸೀಮೆಎಣ್ಣೆಯ ಲೆಕ್ಕದ ಜೊತೆ ಅದೂ ಸಾಲದ ಪುಸ್ತಕಕ್ಕೆ ಹತ್ತುತ್ತಿತ್ತು. ಮೊದಲ ವಾರ ಹಂದಿ ಓಡುತ್ತದೆ, ಮೂರನೆಯ ವಾರ ತಲೆ ಎತ್ತಿ ನೋಡಿ ಮತ್ತೆ ಕೆದಕುತ್ತದೆ. ಹಳೆ ಸೀರೆ ಕಟ್ಟಿದ್ದಾಯಿತು, ಕ್ಷೌರದಂಗಡಿಯ ಕೂದಲು ಚೆಲ್ಲಿದ್ದಾಯಿತು. ಕೊನೆಗೆ ಕೆಲವರು ಕೈ ಹಾಕಿದ್ದು ಮನೆಯ ಕರೆಂಟಿಗೆ.

ಇದನ್ನು ಬಿಡಿಸಿ ಹೇಳಬೇಕು. ಸೋಲಾರ್ ಬೇಲಿಯಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಎನರ್ಜೈಸರ್ ಎಂಬ ಪೆಟ್ಟಿಗೆ ಇರುತ್ತದೆ. ಅದು ತಂತಿಗೆ ಸಾವಿರಾರು ವೋಲ್ಟನ್ನು ಸೆಕೆಂಡಿಗೆ ಸುಮಾರು ಒಂದು ಸಲ, ಕಣ್ಣು ರೆಪ್ಪೆ ಹೊಡೆಯುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಮಾತ್ರ ಬಿಡುತ್ತದೆ. ಬಲವಾದ ಹೊಡೆತ ಸಿಗುತ್ತದೆ, ಆದರೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಬಿಡಿಸಿಕೊಳ್ಳಲು ಸಮಯ ಇರುತ್ತದೆ. ಮನೆಯ 230 ವೋಲ್ಟ್ ಹಾಗಲ್ಲ. ಅದು ನಿಲ್ಲದೆ ಹರಿಯುತ್ತದೆ, ಸ್ನಾಯು ಬಿಗಿಯುತ್ತದೆ, ಹಿಡಿದವನು ಬಿಡಲಾರ. 2025ರ ಜೂನಿನಲ್ಲಿ ಮಲಪ್ಪುರಂ ಜಿಲ್ಲೆಯ ವಝಿಕ್ಕಡವಿನಲ್ಲಿ ಹಂದಿಗೆಂದು ಕಳ್ಳತನದಿಂದ ಎಳೆದ ಕರೆಂಟ್ ತಂತಿಗೆ ಸಿಕ್ಕಿ ಸತ್ತದ್ದು ಮೀನು ಹಿಡಿಯಲು ಹೊರಟ ಒಬ್ಬ ಶಾಲಾ ಹುಡುಗ. ನಮ್ಮ ತೋಟಗಳಲ್ಲೂ ನಸುಕಿಗೆ ಅಡಿಕೆ ಹೆಕ್ಕಲು ಹೋಗುವವರು, ಮಳೆಗಾಲದಲ್ಲಿ ಏಡಿ ಹಿಡಿಯಲು ತೋಡಿಗೆ ಇಳಿಯುವ ಮಕ್ಕಳು ಇದ್ದಾರೆ. ಬೆಳೆ ಹೋದರೆ ಮುಂದಿನ ವರ್ಷ ಬರುತ್ತದೆ.

ಸರಿಯಾಗಿ ಮಾಡಿದರೆ ಆಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಕಾರಡ್ಕ ಬ್ಲಾಕ್ ಪಂಚಾಯತು ತನ್ನ ಗ್ರಾಮ ಪಂಚಾಯತುಗಳನ್ನು ಸೇರಿಸಿಕೊಂಡು, ಅರಣ್ಯ ಇಲಾಖೆಯ ಜೊತೆ, ತಲ್ಪಚ್ಚೇರಿಯಿಂದ ಪುಲಿಪರಂಬದವರೆಗೆ ಸುಮಾರು 29 ಕಿ.ಮೀ. ಉದ್ದದ ತೂಗುಬೇಲಿ ಯೋಜನೆ ಹಾಕಿತು. ಎತ್ತರದ ಕಂಬದಿಂದ ತಂತಿಗಳು ಕೆಳಗೆ ಜೋತು ಬಿದ್ದಿರುತ್ತವೆ. ಕಂಬ ತಳ್ಳಿ ಬೀಳಿಸಲು ಆನೆ ಹತ್ತಿರ ಬರುವಾಗಲೇ ತಂತಿ ಮೈಗೆ ತಾಗುತ್ತದೆ. ಆದರೆ ಬೇಲಿಗೆ ಬಳ್ಳಿ ಹಬ್ಬಿದರೆ ಕರೆಂಟ್ ನೆಲಕ್ಕೆ ಹೋಗುತ್ತದೆ. ನಮ್ಮ ಮಳೆಗಾಲದಲ್ಲಿ ಬಳ್ಳಿ ಹಬ್ಬಲು ಹದಿನೈದು ದಿನ ಸಾಕು. ಬೇಲಿ ಹಾಕಿದ ದಿನ ಫೋಟೋಕ್ಕೆ ನಿಲ್ಲುವವರಿಗಿಂತ ಹದಿನೈದು ದಿನಕ್ಕೊಮ್ಮೆ ಕತ್ತಿ ಹಿಡಿದು ಬಳ್ಳಿ ಕಡಿಯುವವರೇ ಮುಖ್ಯ.

2022ರ ಮೇ ತಿಂಗಳಲ್ಲಿ ಕೇರಳ ಸರಕಾರ ತೊಂದರೆ ಕೊಡುವ ಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ಪರವಾನಗಿ ಕೋವಿ ಇದ್ದವರೇ ಹೊಡೆಯಬೇಕು, ಕರೆಂಟು, ವಿಷ ಕೂಡದು, ಕಳೇಬರ ಹೂಳಬೇಕು. ಆದೇಶ ಬಂತು, ಕೋವಿಯವರು ಸಿಗುವುದಿಲ್ಲ. ಮಾಂಸ ತಿನ್ನಲಿಕ್ಕಿಲ್ಲ ಎಂದ ಮೇಲೆ ನಿದ್ದೆಗೆಟ್ಟು ಕಾಯಲು ಬರುವವರೂ ಇಲ್ಲ. ಹಳೆಯ ಒಪ್ಪಂದದಲ್ಲಿ ಎಲ್ಲರಿಗೂ ಏನಾದರೂ ಸಿಗುತ್ತಿತ್ತು, ಹೊಸ ಆದೇಶದಲ್ಲಿ ಯಾರಿಗೂ ಏನೂ ಇಲ್ಲ.

ಯಾವ ಭಾಷೆಯಲ್ಲಿ ಎಚ್ಚರಿಸುತ್ತೀರಿ?

ಕೊನೆಗೆ ನಮ್ಮದೇ ಆದ ಒಂದು ತೊಡಕು. ನಮ್ಮ ಕಡೆಯ ಹಿರಿಯರಲ್ಲಿ ತುಂಬಾ ಮಂದಿ ಓದಿದ್ದು ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು ಮತ್ತು ಮಲಯಾಳ ಮಾತು, ಓದು ಮಾತ್ರ ಕನ್ನಡ. ಮಲಯಾಳ ಕೇಳಿದರೆ ಗೊತ್ತಾಗುತ್ತದೆ, ಅಕ್ಷರ ಗೊತ್ತಿಲ್ಲ. ಆನೆ ಇರುವ ಜಾಗದ ಎಚ್ಚರಿಕೆಯ ಫಲಕ, ಮೊಬೈಲಿಗೆ ಬರುವ ಸಂದೇಶ, ಬೆಳೆನಷ್ಟದ ಅರ್ಜಿ ಎಲ್ಲ ಹೆಚ್ಚಾಗಿ ಮಲಯಾಳದಲ್ಲೇ ಬರುತ್ತವೆ. ನಮ್ಮ ನೆರೆಯ ಒಬ್ಬರು ಹಿರಿಯರು ಬಾಳೆ ಹೋದದ್ದಕ್ಕೆ ಅರ್ಜಿ ಹಾಕಲು ಒಂದು ಕಚೇರಿಗೆ ಮೂರು ಸಲ ಹೋದರು, ಮೂರನೆಯ ಸಲ ಮೊಮ್ಮಗಳನ್ನು ಕರೆದುಕೊಂಡು ಹೋದ ಮೇಲೆಯೇ ಕೆಲಸ ಆಯಿತು. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದರೆ ನಾವು ಶಾಲೆ, ಅಧ್ಯಾಪಕರ ನೇಮಕಾತಿ ಎಂದಷ್ಟೇ ಯೋಚಿಸುತ್ತೇವೆ. ರಾತ್ರಿ ಎಂಟು ಗಂಟೆಗೆ ಯಾವ ದಾರಿಯಲ್ಲಿ ಹೋಗಬಾರದು ಎಂದು ಓದಿ ತಿಳಿಯುವುದೂ ಹಕ್ಕೇ. ಅದರಲ್ಲೂ ಪುಲಿ ಎಂದರೆ ಚಿರತೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆದರೆ ಅರ್ಧ ಗಾಬರಿ ಕಡಿಮೆಯಾದೀತು.

ಈ ಪ್ರಾಣಿಗಳು ನಮ್ಮ ಮೊದಲೂ ಇದ್ದವು. ಇಲ್ಲದೆ ಹೋದದ್ದು ನಡುವಿನ ಕುಮ್ಕಿ, ಬಯಲಿನ ಭತ್ತ, ಅಟ್ಟಳಿಗೆಯಿಂದ ಅಟ್ಟಳಿಗೆಗೆ ಹೋಗುತ್ತಿದ್ದ ಕೂಗು. ಕುಮ್ಕಿಯನ್ನೂ ಭತ್ತವನ್ನೂ ಹಳೆಯ ಹಾಗೆ ತರಲಾಗದು. ಕೂಗನ್ನು ತರಬಹುದು. ಒಂದು ವಾರ್ಡಿನ ಇಪ್ಪತ್ತು ಮನೆಗಳು ಸರದಿಯಲ್ಲಿ ಬೇಲಿಯ ಬಳ್ಳಿ ಕಡಿಯುವುದು, ಹಡಿಲು ಗದ್ದೆಯ ಪೊದೆ ವರ್ಷಕ್ಕೆರಡು ಸಲ ಸವರುವುದು, ಆನೆ ಕಂಡ ಕೂಡಲೇ ಕನ್ನಡ, ಮಲಯಾಳ ಎರಡರಲ್ಲೂ ಒಂದೇ ಸಂದೇಶ ಕಳಿಸುವುದು, ಇಷ್ಟಕ್ಕೆ ದೊಡ್ಡ ಯೋಜನೆ ಏನೂ ಬೇಡ.

ಇನ್ನೊಂದು ಕೆಲಸ ನಮ್ಮ ತಲೆಮಾರಿನದು. ಅಟ್ಟಳಿಗೆಯಲ್ಲಿ ರಾತ್ರಿ ಕಳೆದವರು, ಸೂಟೆ ಹಿಡಿದು ಘಟ್ಟದ ಬುಡಕ್ಕೆ ನಡೆದವರು ಈಗ ಎಂಬತ್ತು ದಾಟಿದ್ದಾರೆ. ಯಾವ ಊರು, ಯಾವ ಬಯಲು, ಸುಮಾರು ಯಾವ ವರ್ಷ, ಯಾವ ಪ್ರಾಣಿ, ಏನು ಮಾಡಿದಿರಿ ಎಂದು ಅವರನ್ನು ಕೇಳಿ ಬರೆದಿಡಿ. ಬ್ಯಾರಿಯಲ್ಲಿ ಹೇಳಿದರೆ ಬ್ಯಾರಿಯಲ್ಲೇ ಬರೆಯಿರಿ.